ಮುಚ್ಚಿದ ಕಿಟಕಿಯ ಓಟು

ದಲೆಂದಾಳ ಮನೆ ನನ್ನ ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ನಾನು ಮದುವೆಯಾಗಿ ಬಿಜೆರ್ತ್ ಪಟ್ಟಣದ ಈ ಚೌಕಕ್ಕೆ ಬಂದಾಗ ಅವಳು ಆಗಲೇ ಅಲ್ಲಿ ತಾಯಿಯ ಜೊತೆ ಇದ್ದಳು. ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಆದಳು. ಆಸ್ಪತ್ರೆಯಲ್ಲಿ ದಾದಿಯ ಕೆಲಸ, ಅದೂ ರಾತ್ರಿ ಪಾಳಿ. ತಾಯಿಯನ್ನು ಹಗಲು ನೋಡಿಕೊಳ್ಳಲು ಅನುಕೂಲವಾಗಲಿ ಎಂದು ಕೇಳಿ ಹಾಕಿಸಿಕೊಂಡಿದ್ದ ಪಾಳಿ ಅದು. ತಾಯಿ ಹೋದ ಮೇಲೂ ಅದನ್ನು ಬದಲಾಯಿಸಲಿಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದೆ. ರಾತ್ರಿ ಖಾಲಿ ಮನೆಯಲ್ಲಿ ನಿದ್ದೆ ಬರುವುದಿಲ್ಲ, ವಾರ್ಡಿನಲ್ಲಾದರೆ ಯಾರಾದರೂ ಕೆಮ್ಮುತ್ತಿರುತ್ತಾರೆ ಎಂದಳು.

ಹಾಗಾಗಿ ಅವಳು ಮಲಗುತ್ತಿದ್ದದ್ದು ಹಗಲಲ್ಲಿ. ಬೆಳಿಗ್ಗೆ ಬಂದು, ಒಂದು ತುಂಡು ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿಂದು, ಕಿಟಕಿಯ ನೀಲಿ ಬಾಗಿಲುಗಳನ್ನು ಎಳೆದು ಚಿಲಕ ಹಾಕಿಕೊಳ್ಳುತ್ತಿದ್ದಳು. ಚೌಕ ಏಳುತ್ತಿದ್ದದ್ದೂ ಅದೇ ಹೊತ್ತಿಗೆ. ನಡುವೆ ಒಂದು ದೊಡ್ಡ ಹಿಪ್ಪುನೇರಳೆ ಮರ. ಅದರ ಕೆಳಗೆ ವಿದ್ಯುತ್ ಕಂಪನಿಯವರು ಎಂದೋ ಬಿಟ್ಟುಹೋಗಿದ್ದ, ತಂತಿ ಸುತ್ತುವ ಮರದ ಉರುಳೆ. ಅದನ್ನು ಅಡ್ಡ ಮಲಗಿಸಿದರೆ ಒಳ್ಳೆಯ ಮೇಜು. ಆ ಮೇಜಿನ ಸುತ್ತ ದಿನವಿಡೀ ನಾಲ್ವರು ಶ್ಕೋಬ್ಬಾ ಎಂಬ ಇಸ್ಪೀಟಾಟ ಆಡುತ್ತಿದ್ದರು. ಈ ಆಟದಲ್ಲಿ ಎಲೆಯನ್ನು ಇಡುವ ಪದ್ಧತಿ ಇಲ್ಲ, ಬಡಿಯುವುದೇ ಪದ್ಧತಿ. ಬಡಿದಾಗಲೆಲ್ಲ ಉರುಳೆ ತಮಟೆಯ ಹಾಗೆ ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹುಡುಗರ ಚೆಂಡು ಬೇರೆ.

ಈ ಸದ್ದಿನ ಬಗ್ಗೆ ದಲೆಂದಾ ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಳು. ಅವರ ಹತ್ತಿರ ಒಮ್ಮೆಯೂ ಹೇಳಿರಲಿಲ್ಲ. ಒಂಟಿ ಹೆಂಗಸು, ಮೇಲಿನಿಂದ ಇಣುಕಿ ನಾಲ್ಕು ಗಂಡಸರನ್ನು ಮಾತಾಡಿಸುವುದೆಂದರೆ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ಅದರೊಳಗಿಂದಲೂ ಎಲ್ಲವೂ ಕೇಳುತ್ತಿತ್ತು.

ನಗರಸಭೆಯವರು ಫೋನಿನಲ್ಲಿ ಜನರನ್ನು ಕೇಳಿ ಚೌಕಗಳನ್ನು ಸರಿಪಡಿಸುತ್ತಾರಂತೆ ಎಂಬ ಸುದ್ದಿ ಬಂದದ್ದು ಅವಳು ನಿವೃತ್ತಿಯಾಗುವ ಹಿಂದಿನ ವರ್ಷ. ಯುಸ್ರಾ ಎಂಬ ಹುಡುಗಿ ನಗರಸಭೆಯಿಂದ ಬಂದು ನನ್ನ ಅಂಗಡಿಯಲ್ಲೇ ಕೂತು ಎಲ್ಲರಿಗೂ ತೋರಿಸಿಕೊಟ್ಟಳು. ಗುರುತಿನ ಚೀಟಿಯ ಸಂಖ್ಯೆ ಹಾಕಬೇಕು, ಫೋನಿಗೆ ಬರುವ ಅಂಕಿಗಳನ್ನು ಒತ್ತಬೇಕು. ಆಮೇಲೆ ನಮ್ಮದೇ ಚೌಕದ ಮೂರು ಚಿತ್ರಗಳು ಬರುತ್ತಿದ್ದವು. ಒಂದರಲ್ಲಿ ಕಲ್ಲು ಹಾಸು, ಮೇಜು, ಬೆಂಚು, ದೀಪ. ಇನ್ನೊಂದರಲ್ಲಿ ಬಲೆ ಕಟ್ಟಿದ ಚೆಂಡಾಟದ ಅಂಗಳ. ಮೂರನೆಯದರಲ್ಲಿ ಹೂವಿನ ಪಾತಿಗಳು, ಸುತ್ತ ಕಬ್ಬಿಣದ ಬೇಲಿ, ನಡುವೆ ನಡೆದು ದಾಟಲು ಒಂದು ಕಾಲುದಾರಿ. ಆ ಮೂರನೆಯ ಚಿತ್ರದಲ್ಲಿ ಕೂರಲು ಏನೂ ಇರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ. ಅದರ ಹೆಸರೇ ‘ಶಾಂತ ಹಸಿರು’.

ಎಲೆ ಆಡುವವರ ಬಳಿಗೂ ಯುಸ್ರಾ ಹೋದಳು. ಅವರಲ್ಲಿ ಮುಂದಾಳು ಲಾರೂಸಿ. ಹಡಗು ರಿಪೇರಿಯ ಅಂಗಳದಲ್ಲಿ ಬಡಗಿಯಾಗಿದ್ದವನು, ಪಕ್ಕದ ಓಣಿಯವನು. ಅವನು ಕೈಯಲ್ಲಿದ್ದ ಎಲೆಗಳಿಂದ ಕಣ್ಣು ಎತ್ತಲಿಲ್ಲ.

“ಫೋನು ಒತ್ತಿದ್ರೆ ಚೌಕ ಎದ್ದು ಹೋಗುತ್ತಾ ಮಗಳೇ?” ಎಂದ. “ನಮ್ಮಜ್ಜ ಇಲ್ಲೇ ಕೂತಿದ್ದ. ಹೋಗು, ನಿಮ್ಮ ಸಾಹೇಬ್ರಿಗೆ ಹೇಳು, ಲಾರೂಸಿ ಕೂತೇ ಓಟು ಹಾಕಿದಾನೆ ಅಂತ.”

ಉಳಿದ ಮೂವರೂ ನಕ್ಕರು. ಯಾರೂ ಒತ್ತಲಿಲ್ಲ. ನಾನು ಮೊದಲನೆಯದಕ್ಕೆ ಒತ್ತಿದೆ. ಬೆಂಚಿದ್ದರೆ ನನ್ನ ಗಿರಾಕಿಗಳು ಕೂತು ಕಾಯಬಹುದು ಎಂಬ ಆಸೆ ನನಗೆ.

ದಲೆಂದಾ ಮೂರನೆಯದಕ್ಕೆ ಒತ್ತಿದಳು. ಅಷ್ಟಕ್ಕೇ ಬಿಡಲಿಲ್ಲ. ವಾರದ ರಜೆಯ ದಿನಗಳಲ್ಲಿ ನನ್ನ ಅಂಗಡಿಗೆ ಇಳಿದು ಬರತೊಡಗಿದಳು. ಅಲ್ಲಿಗೆ ಬರುವ ವಯಸ್ಸಾದ ಹೆಂಗಸರಿಗೆ ಈ ಅಂಕಿ, ಸಂಖ್ಯೆಗಳ ಗೋಜು ಅರ್ಥವಾಗುತ್ತಿರಲಿಲ್ಲ. ದಲೆಂದಾ ದಾದಿಯ ತಾಳ್ಮೆಯಿಂದ ಅವರ ಪಕ್ಕ ಕೂತು, ಅವರ ಫೋನನ್ನೇ ತೆಗೆದುಕೊಂಡು ಒಂದೊಂದಾಗಿ ತೋರಿಸುತ್ತಿದ್ದಳು. ಇದು ಕಲ್ಲಿಂದು, ಇದು ಚೆಂಡಿಂದು, ಇದು ಹೂವಿಂದು ಎನ್ನುತ್ತಿದ್ದಳು. ಹೂವು ಯಾರಿಗೆ ಬೇಡ? ಎಲ್ಲರೂ ಹೂವಿಗೇ ಬೆರಳಿಟ್ಟರು. ಕೂರಲು ಜಾಗ ಇರುವುದಿಲ್ಲ ಎಂದು ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ. ಹಾಗೆ ಬೆರಳಿಟ್ಟವರಲ್ಲಿ ಮನ್ನೂಬಿಯಾ ಕೂಡ ಇದ್ದಳು. ಆಕೆ ಲಾರೂಸಿಯ ಹೆಂಡತಿ ಎಂಬುದು ದಲೆಂದಾಳಿಗೆ ಗೊತ್ತಿರಲಿಲ್ಲ. ಲಾರೂಸಿಯ ದನಿ ಗೊತ್ತಿತ್ತೇ ಹೊರತು ಅವನ ಮುಖವನ್ನು ಅವಳು ಸರಿಯಾಗಿ ಕಂಡವಳಲ್ಲ.

‘ಶಾಂತ ಹಸಿರು’ ಗೆದ್ದಿತು. ಅಂತರ ತೀರಾ ಕಡಿಮೆ. ನನ್ನ ಅಂಗಡಿಯಲ್ಲಿ ಕೂತು ಒತ್ತಿಸಿದ ಓಟುಗಳನ್ನು ಕಳೆದರೆ ಬೆಂಚಿನ ಚಿತ್ರವೇ ಮುಂದೆ ಇರುತ್ತಿತ್ತು. ಇದು ನನಗೂ ಗೊತ್ತು, ಅವಳಿಗೂ ಗೊತ್ತು.

ಚಳಿಗಾಲವಿಡೀ ಅಗೆತ. ಮರವನ್ನು ಉಳಿಸಿದರು, ಆದರೆ ಬೇಲಿಯ ಒಳಗೆ. ಉರುಳೆಯನ್ನು ಲಾರಿಗೆ ಹಾಕಿಕೊಂಡು ಹೋಗುವ ದಿನ ಲಾರೂಸಿ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದ. ವಸಂತ ಬರುವ ಹೊತ್ತಿಗೆ ನಗರಾಧ್ಯಕ್ಷರು ಬಂದು ರಿಬ್ಬನ್ ಕತ್ತರಿಸಿದರು. ಅದೇ ತಿಂಗಳು ಆಸ್ಪತ್ರೆಯವರು ದಲೆಂದಾಳಿಗೆ ಒಂದು ಬೆಳ್ಳಿ ಬಣ್ಣದ ತಟ್ಟೆ, ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು.

ಮೊದಮೊದಲು ಅವಳು ಬಹಳ ಸಂತೋಷವಾಗಿದ್ದಳು. ಹಗಲು ಮಲಗಿದರೂ ನಿದ್ದೆ, ಮಲಗದಿದ್ದರೂ ನಿಶ್ಶಬ್ದ. ಆಮೇಲೆ ಆ ನಿದ್ದೆಯೇ ಅವಳನ್ನು ಬಿಟ್ಟುಹೋಯಿತು. ಮೂವತ್ತು ವರ್ಷ ರಾತ್ರಿ ಎಚ್ಚರವಿದ್ದ ಮೈಗೆ ರಾತ್ರಿ ಮಲಗುವುದು ಬರಲಿಲ್ಲ, ಹಗಲು ಮಾಡಲು ಕೆಲಸವಿಲ್ಲ. ಕಿಟಕಿ ತೆರೆದು ನಿಂತರೆ ಪಾತಿಗಳಿಗೆ ನೀರು ಚಿಮ್ಮುವ ಕೊಳವೆಯ ಬುಸ್ ಎನ್ನುವ ಸದ್ದು. ಜನ ಕಾಲುದಾರಿಯಲ್ಲಿ ಬಂದು, ದಾಟಿ, ಹೋಗುತ್ತಿದ್ದರು. ನಿಲ್ಲಲು ಅಲ್ಲಿ ಕಾರಣವಿರಲಿಲ್ಲ.

ನನ್ನ ಅಂಗಡಿಗೆ ಇಳಿದು ಬಂದು, ಹೊಲಿಯಲು ಏನೂ ಇಲ್ಲದಿದ್ದರೂ ಹಳೆಯ ಬಟ್ಟೆಯೊಂದನ್ನು ಕೊಡುತ್ತಿದ್ದಳು, ಸಡಿಲ ಮಾಡು, ಬಿಗಿ ಮಾಡು ಎಂದು. ನಾನು ಮಷೀನು ತುಳಿಯುವಾಗ ಮಾತಾಡಲಾಗುವುದಿಲ್ಲ. ಅವಳು ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಮಷೀನು ನಿಲ್ಲಿಸಿದಾಗ, ಖಮೀಸನ ಮೊಮ್ಮಗ ಪರೀಕ್ಷೆಯಲ್ಲಿ ಪಾಸಾದನೋ ಇಲ್ಲವೋ ಎಂದು ಕೇಳಿದಳು. ಖಮೀಸ್ ಆ ನಾಲ್ವರಲ್ಲಿ ಒಬ್ಬ. ಅವನ ಮೊಮ್ಮಗನ ವಿಷಯ ನಿನಗೇನು ಗೊತ್ತು ಎಂದೆ. ಗಣಿತದಲ್ಲಿ ಎರಡು ಸಲ ಬಿದ್ದಿದ್ದಾನೆ, ಈ ಸಲದ್ದು ಮೂರನೆಯದು ಎಂದಳು. ಆ ನಾಲ್ವರ ಮನೆಯ ಮದುವೆ, ಸಾಲ, ಕಾಯಿಲೆ, ಅತ್ತೆ ಸೊಸೆ ಜಗಳ ಎಲ್ಲವೂ ಹತ್ತಿಯನ್ನು ದಾಟಿ ಅವಳ ಕಿವಿಗೆ ಹೋಗಿ ಕೂತಿದ್ದವು. ಈಗ ಕತೆಗಳೆಲ್ಲ ಅರ್ಧಕ್ಕೆ ನಿಂತಿದ್ದವು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ಮಣ್ಣಿನ ಒಲೆಯಲ್ಲಿ ಸುಡುವ ತಬೂನಾ ರೊಟ್ಟಿಯ ಸಾಲಿನಲ್ಲಿ ನಿಂತಿದ್ದಾಗ ಮುಂದೆ ನಿಂತವನೊಬ್ಬ ರೊಟ್ಟಿಯವಳಿಗೆ ಏನೋ ತಮಾಷೆ ಮಾಡಿದ. ದನಿ ಕೇಳಿದ ಕೂಡಲೇ ಇವಳಿಗೆ ಯಾರೆಂದು ತಿಳಿಯಿತು. ಯೋಚಿಸದೆ ಬಾಯಿಂದ ಮಾತು ಬಂದುಬಿಟ್ಟಿತು.

“ಲಾರೂಸಿಯವ್ರೇ, ನಿಮ್ಮ ಸೊಸೆಗೆ ಹೆರಿಗೆ ಆಯ್ತಾ?”

ಅವನು ತಿರುಗಿದ. ದಪ್ಪ ಕನ್ನಡಕದ, ಅವಳು ಅಂದುಕೊಂಡಿದ್ದಕ್ಕಿಂತ ತುಂಬ ಸಣ್ಣ ದೇಹದ ಮನುಷ್ಯ.

“ಆಯ್ತು. ಹೆಣ್ಣು,” ಎಂದ. ಸ್ವಲ್ಪ ಹೊತ್ತು ಅವಳ ಮುಖ ನೋಡಿದ. “ಯಾರಮ್ಮ ನೀನು? ನಿನ್ನ ಗುರುತು ಹತ್ತಲಿಲ್ಲ.”

ಚೌಕದ ಮೇಲಿನ ಮನೆ, ನೀಲಿ ಕಿಟಕಿ, ಬೇಯಾಳ, ಅಂದರೆ ನನ್ನ, ಅಂಗಡಿಯ ಮೇಲೆ ಎಂದು ಅವಳು ಹೇಳಿದಳು.

“ಆ ಕಿಟಕೀನಾ? ಅದು ಯಾವಾಗ್ಲೂ ಮುಚ್ಚೇ ಇರ್ತಿತ್ತಲ್ಲ,” ಎಂದ ಲಾರೂಸಿ. “ಅಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ವಿ.”

ಬಂದವಳೇ ಅದನ್ನು ನನಗೆ ಹೇಳಿದಳು. ಹೇಳುವಾಗ ಅಳಲಿಲ್ಲ. ಕೈಯಲ್ಲಿ ರೊಟ್ಟಿ ಇತ್ತು, ಬಿಸಿ ಆರುವ ತನಕ ಹಿಡಿದುಕೊಂಡೇ ಕೂತಿದ್ದಳು. ಇಷ್ಟು ವರ್ಷ ಅವರ ಜೊತೆಗೇ ಇದ್ದೆನಲ್ಲಾ ಬೇಯಾ ಎಂದಳು. ನೀರು ಕುಡಿ ಎಂದೆ.

ಅದೇ ವಾರ ಅವಳು ಫೋನು ತೆಗೆದು ನಗರಸಭೆಯ ಆ್ಯಪಿನಲ್ಲಿ ತಾನೇ ಒಂದು ಬೇಡಿಕೆ ಹಾಕಿದಳು. ಅದರಲ್ಲಿ ಊರಿನ ನಕ್ಷೆ ಇರುತ್ತದೆ, ಯಾರು ಬೇಕಾದರೂ ಒಂದು ಜಾಗಕ್ಕೆ ಗುರುತು ಚುಚ್ಚಿ ಇಲ್ಲಿ ಹೀಗಾಗಲಿ ಎಂದು ಬರೆಯಬಹುದು. ಹಿಪ್ಪುನೇರಳೆ ಮರದ ಮೇಲೆ ಗುರುತು ಚುಚ್ಚಿ ಅವಳು ಬರೆದದ್ದು ಇಷ್ಟೇ: ಮರದ ಕೆಳಗೆ ನಾಲ್ಕು ಜನ ಕೂರುವಂತೆ ಮೇಜು, ಬೆಂಚು ಬೇಕು. ಬೇಸಿಗೆ ಮುಗಿಯುವುದರೊಳಗೆ ನೂರು ಜನ ಅದಕ್ಕೆ ಬೆಂಬಲ ಒತ್ತಿದರೆ ಎಂಜಿನಿಯರರು ಬಂದು ನೋಡುತ್ತಾರೆ ಎಂಬುದು ನಿಯಮ. ಮೊದಲನೆಯದು ಅವಳದೇ. ಎರಡನೆಯದು ನನ್ನದು. ಆಮೇಲೆ ಬಹಳ ದಿನ ಆ ಅಂಕಿ ಅಲುಗಲಿಲ್ಲ.

ಯುಸ್ರಾ ಅಂಗಡಿಗೆ ಬಂದಾಗ ಆಶ್ಚರ್ಯಪಟ್ಟಳು. ಹಿರಿಯ ಹೆಂಗಸರನ್ನು ಅವಳು ಗೌರವದಿಂದ ಲೆಲ್ಲಾ ಎಂದೇ ಕರೆಯುವುದು. “ಲೆಲ್ಲಾ ದಲೆಂದಾ, ಹೋದ ಸಲ ಈ ಒಂದು ಅಂಗಡಿಯಿಂದ್ಲೇ ಅಷ್ಟು ಜನ ಒತ್ತಿದ್ರು. ಅವರನ್ನೇ ಕೇಳಬಾರ್ದಾ?”

ಕೇಳಲು ಹೋದಳು. ಕೆಲವರು ತೀರಿಕೊಂಡಿದ್ದರು, ಕೆಲವರಿಗೆ ನಿಶ್ಶಬ್ದವೇ ಇಷ್ಟವಾಗಿತ್ತು. ಒಬ್ಬಳಂತೂ ಹೋದ ಸಲ ಒಂದು ಒತ್ತಿಸಿ ಈ ಸಲ ಅದರ ತದ್ವಿರುದ್ಧ ಒತ್ತು ಅಂತೀಯಲ್ಲ, ನಿನಗೇನಾದರೂ ಕಾಸು ಕೊಡ್ತಾರಾ ಎಂದು ಬಾಗಿಲಲ್ಲೇ ಕೇಳಿದಳಂತೆ. ಹಾಗೆ ಒಂದೊಂದೇ ಬಾಗಿಲು ತಟ್ಟುತ್ತ ಮನ್ನೂಬಿಯಾಳ ಮನೆಗೆ ಹೋದಾಗ, ಒಳಗೆ ಟೀವಿಯ ಮುಂದೆ ಕೂತಿದ್ದವನು ಲಾರೂಸಿ.

ಮನ್ನೂಬಿಯಾ ಅವಳನ್ನು ಅಡುಗೆಮನೆಯ ಸ್ಟೂಲಿನಲ್ಲಿ ಕೂರಿಸಿ, ಗಂಡನಿಗೆ ಕೇಳುವ ಹಾಗೆಯೇ ಹೇಳಿದಳು: “ಬೆಂಚು ಬರ್ಲಿ ತಾಯಿ, ಇವತ್ತೇ ಬರ್ಲಿ. ಈ ಮನುಷ್ಯ ಬೆಳಗಾಗೆದ್ದು ಸೋಫಾದಲ್ಲಿ ಕೂತ್ರೆ ನಾನು ಕಸ ಗುಡಿಸೋಕೂ ಅವನ ಕಾಲನ್ನ ಎತ್ತಿ ಎತ್ತಿ ಇಡ್ಬೇಕು. ನಲವತ್ತು ವರ್ಷದ ಸಂಸಾರ ನಡೆದದ್ದೇ ಇವನು ಹಗಲು ಮನೇಲಿ ಇಲ್ದೇ ಇದ್ದದ್ರಿಂದ.”

ಒತ್ತಿದಳು. ಲಾರೂಸಿ ಟೀವಿಯ ಸದ್ದು ಕಡಿಮೆ ಮಾಡಿದ. ಮೀನು ಮಾರುಕಟ್ಟೆಯ ಹಿಂದಿನ ಕಾಫಿ ಅಂಗಡಿಗೆ ಹೋಗಬಹುದಲ್ಲ ಎಂದು ದಲೆಂದಾ ಕೇಳಿದ್ದಕ್ಕೆ, ಮೊಣಕಾಲು ಅಷ್ಟು ದೂರ ಬರುವುದಿಲ್ಲ, ದಿನಾ ಕಾಫಿಗೆ ದುಡ್ಡೂ ಇಲ್ಲ, ಅಲ್ಲಿ ಕುಡಿಯದೆ ಕೂತರೆ ಹುಡುಗರು ಮೇಜು ಒರೆಸುವ ನೆಪದಲ್ಲಿ ಎಬ್ಬಿಸುತ್ತಾರೆ ಎಂದ.

ಆಗ ಅವಳು ಹೇಳಿಬಿಟ್ಟಳು: ಹೋದ ಸಲ ಹೂವಿಗೆ ಒತ್ತಿದ್ದು ನಾನೇ, ಇವರ ಕೈಯಲ್ಲಿ ಒತ್ತಿಸಿದ್ದೂ ನಾನೇ, ಬೆಂಚು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ರಾತ್ರಿ ಪಾಳಿ ಇತ್ತು, ಹಗಲು ನಿದ್ದೆ ಬರುತ್ತಿರಲಿಲ್ಲ ಎಂದಳು. ಮನ್ನೂಬಿಯಾ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

ಲಾರೂಸಿ ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

“ಒಂದ್ಸಲ ಕಿಟಕಿ ತೆಗೆದು ಬೈದಿದ್ರೆ ಸಾಕಿತ್ತಲ್ಲಮ್ಮ,” ಎಂದ. “ಮಸೀದಿ ಗೋಡೆ ಹತ್ರ ಹೋಗಿ ಆಡ್ತಿದ್ವಿ. ಅಲ್ಲಿ ನೆರಳೂ ಚೆನ್ನಾಗಿತ್ತು.”

ಏಳಲು ಹೋದವಳನ್ನು ಅವನೇ ತಡೆದ. ಕೇಳಿಸಿಕೊಳ್ಳುವುದನ್ನು ಕೇಳಿಸಿಕೊಂಡಿದ್ದೀಯ, ಆಡಲು ಬರುತ್ತದೆಯೇ ಎಂದ. ಬರುತ್ತದೆ ಎಂದಳು. ಅವಳು ಹಾಗೆಯೇ ನಂಬಿದ್ದಳು. ಯಾವ ಎಲೆಗೆ ಯಾವುದು ಜೋಡಿ, ಮೇಜು ಖಾಲಿ ಮಾಡಿದರೆ ಎಷ್ಟು, ಡೈಮನ್ ಏಳು ಸಿಕ್ಕರೆ ಎಷ್ಟು, ಯಾವಾಗ ಶ್ಕೋಬ್ಬಾ ಎಂದು ಕೂಗಬೇಕು, ಎಲ್ಲವೂ ಅವಳಿಗೆ ಬಾಯಿಪಾಠ. ಎಲೆಗಳನ್ನು ಕೈಗೆ ಕೊಟ್ಟಾಗ ಅವಳು ಅವನ್ನು ಬೀಸಣಿಗೆಯ ಹಾಗೆ ಬಿಡಿಸಲಾರದೆ ಎರಡು ಕೈಯಲ್ಲೂ ಹಿಡಿದು, ಬಹಳ ಹೊತ್ತು ನೋಡಿ, ಇವುಗಳಲ್ಲಿ ಡೈಮನ್ ಯಾವುದು ಎಂದು ಕೇಳಿದಳು. ಅವಳು ಹುಟ್ಟಿದಂದಿನಿಂದ ಎಲೆ ಮುಟ್ಟಿದವಳಲ್ಲ. ಮನ್ನೂಬಿಯಾ ನಕ್ಕು ನಕ್ಕು ಸೆರಗಿನಂತೆ ಹೊದ್ದಿದ್ದ ಸಫ್ಸಾರಿಯಲ್ಲಿ ಕಣ್ಣು ಒರೆಸಿಕೊಂಡಳಂತೆ. ಲಾರೂಸಿ ಮಾತ್ರ ನಗದೆ ಕೆಂಪು ಎಲೆಯೊಂದನ್ನು ಎಳೆದು ತೋರಿಸಿ, ಇದು, ಇದನ್ನ ನೋಡಿಕೋ ಎಂದ.

ಆ ದಿನ ಅವನು ಬೆಂಬಲ ಒತ್ತಲಿಲ್ಲ. ಅವಳು ಕೇಳಿದಾಗ ತಲೆಯಾಡಿಸಿದ.

“ಬೆಂಚು ಬರುತ್ತೆ, ಇಟ್ಕೋ. ಖಮೀಸ್ ಬರ್ತಾನಾ? ಅವನು ಈ ಸಲದ ರಂಜಾನಿನಲ್ಲೇ ಹೋಗ್ಬಿಟ್ಟ. ಇನ್ನೊಬ್ಬನ್ನ ಮಗ ತೂನಿಸ್‌ಗೆ ಕರ್ಕೊಂಡು ಹೋದ. ಮತ್ತೊಬ್ಬ ಆ ಕಾಫಿ ಅಂಗಡೀಲಿ ಹೊಸಬರ ಜೊತೆ ಜೋಡಿ ಆಗಿದಾನೆ. ನಾನೊಬ್ಬನೇ ಕೂತು ಯಾರ ಮುಂದೆ ಬಡೀಲಿ?”

ಖಮೀಸ್ ತೀರಿಕೊಂಡದ್ದು ದಲೆಂದಾಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅವನ ಮೊಮ್ಮಗನ ವಿಷಯ ಅವಳು ಅಷ್ಟು ಆಸೆಯಿಂದ ಕೇಳಿದ ದಿನ ಹೇಳಲು ಮನಸ್ಸಾಗಿರಲಿಲ್ಲ. ಹುಡುಗ ಪಾಸಾಗಿದ್ದ. ಅದನ್ನು ಮಾತ್ರ ಹೇಳಿದ್ದೆ.

ಆಮೇಲೆ ಎರಡು ಸಲ ಅವಳು ಆ ಮನೆಗೆ ಹೋದಳು. ಮೂರನೆಯ ಸಲ ಹೋದಾಗ ಬಾಗಿಲಿಗೆ ಬೀಗ. ಸೊಸೆಗೆ ಕೂಸು ನೋಡಿಕೊಳ್ಳಲು ಜನ ಬೇಕಾಗಿ ಗಂಡ ಹೆಂಡತಿ ಇಬ್ಬರೂ ಮಗನಿದ್ದ ಸೂಸ್ ಊರಿಗೆ ಹೋಗಿದ್ದರು. ಹೇಳಿಹೋಗುವಷ್ಟು ಬಳಕೆ ಇನ್ನೂ ಆಗಿರಲಿಲ್ಲ. ಹೇಳಬೇಕಿತ್ತು ಎಂದೂ ಅವಳು ಅನ್ನಲಿಲ್ಲ.

ಬೇಸಿಗೆ ಮುಗಿಯಿತು. ಬೆಂಬಲ ನೂರರ ಕಾಲುಭಾಗವನ್ನೂ ಮುಟ್ಟಲಿಲ್ಲ. ನಿಮ್ಮ ಬೇಡಿಕೆಗೆ ಸಾಕಷ್ಟು ಬೆಂಬಲ ದೊರೆಯಲಿಲ್ಲ, ಭಾಗವಹಿಸಿದ್ದಕ್ಕೆ ಧನ್ಯವಾದ ಎಂದು ಫೋನಿಗೆ ಬಂತು. ಗುರುತು ನಕ್ಷೆಯಿಂದ ಮಾಯವಾಯಿತು. ಯುಸ್ರಾ ತಾನೇ ಖುದ್ದಾಗಿ ಬಂದು ಬೇಸರಪಟ್ಟುಕೊಂಡಳು. ಒಳ್ಳೆಯ ಹುಡುಗಿ. ಮುಂದಿನ ವರ್ಷ ಮತ್ತೆ ಹಾಕಬಹುದು ಎಂದಳು. ದಲೆಂದಾ ಬೇಡ ಎಂದಳು. ಹಾಗಾದರೆ ನಮಗೆ ಸಹಾಯ ಮಾಡಿ, ಕಾಲುವೆಯ ದಂಡೆಯ ನಕ್ಷೆ ಓಟಿಗೆ ಬರುತ್ತಿದೆ, ಅಲ್ಲಿ ಎಷ್ಟೋ ಜನರಿಗೆ ಒತ್ತಲು ಬರುವುದಿಲ್ಲ, ಮನೆಮನೆಗೆ ಹೋಗುವವರು ಬೇಕು, ಸಂಬಳವಿಲ್ಲ ಎಂದಳು. ದಲೆಂದಾ ಒಪ್ಪಿಕೊಂಡಳು. ನಾನು ಬೆರಗಾದೆ.

ಈಗ ಅವಳು ಆ ಕೆಲಸ ಮಾಡುತ್ತಾಳೆ. ತನ್ನದೇ ರೀತಿಯಲ್ಲಿ ಮಾಡುತ್ತಾಳೆ. ಚಿತ್ರಗಳನ್ನು ತೋರಿಸುವ ಮೊದಲು ಪ್ರತಿಯೊಂದರಲ್ಲೂ ಏನಿದೆ, ಏನಿಲ್ಲ ಎಂದು ಓದಿ ಹೇಳುತ್ತಾಳೆ. ಏನಿಲ್ಲ ಎಂಬುದನ್ನು ಎರಡು ಸಲ ಹೇಳುತ್ತಾಳೆ. ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ ಎಂದು ಯುಸ್ರಾಳ ಮೇಲಿನವರು ಗೊಣಗುತ್ತಾರಂತೆ. ಜನ ಅವಳನ್ನು ಒಳಗೆ ಕರೆದು ಕೂರಿಸುತ್ತಾರೆ, ಪುದೀನಾ ಚಹಾ ಕೊಡುತ್ತಾರೆ, ತಮಗೇನು ಬೇಕು ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಒತ್ತಿ ಆದ ಮೇಲೆ ಬಾಗಿಲವರೆಗೆ ಬಂದು ಕಳಿಸಿಕೊಡುತ್ತಾರೆ. ನಿನ್ನ ಮನೆ ಎಲ್ಲಿ, ಯಾರ ಜೊತೆ ಇದ್ದೀಯ ಎಂದು ಕೇಳಿದವರು ಕಡಿಮೆ. ಅದರಲ್ಲಿ ಅವರ ತಪ್ಪಿಲ್ಲ ಎನ್ನುತ್ತಾಳೆ, ಅವರು ಮಾತಾಡುವುದು ನಗರಸಭೆಯ ಜೊತೆ, ನನ್ನ ಜೊತೆ ಅಲ್ಲ ಎನ್ನುತ್ತಾಳೆ.

ಮನೆಗಳಿಗೆ ಹೋಗುವುದಕ್ಕೂ ಮೊದಲು ಆ ಜಾಗಕ್ಕೇ ಹೋಗಿ ಕೂತು ನೋಡಿಬರುವ ಅಭ್ಯಾಸವನ್ನೂ ಮಾಡಿಕೊಂಡಿದ್ದಾಳೆ. ಕಾಲುವೆಯ ದಂಡೆಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹೋದಳು. ಮೊನ್ನೆ ಸಂಜೆ ಅಲ್ಲಿ ಗಾಳ ಹಾಕಿಕೊಂಡು ಕೂತಿದ್ದ ಒಬ್ಬ ಮುದುಕ, ಯಾರನ್ನು ಕಾಯುತ್ತಿದ್ದೀಯಮ್ಮ ಎಂದು ಕೇಳಿದನಂತೆ. ಯಾರನ್ನೂ ಇಲ್ಲ, ಈ ದಂಡೆ ಬದಲಾಗುತ್ತದಂತೆ, ನಿಮಗೆ ಗೊತ್ತೇ ಎಂದಳು. ಅವನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಚಿತ್ರಗಳನ್ನು ತೋರಿಸಿ, ಗಾಳ ಹಾಕಲು ಜಾಗ ಎರಡರಲ್ಲಿ ಇದೆ, ಒಂದರಲ್ಲಿ ಇಲ್ಲ ಎಂದಳು. ಅವನು ನೋಡಿದ, ಕೈ ಒದ್ದೆ ಇದೆ, ನಾಳೆ ಒತ್ತುತ್ತೇನೆ ಎಂದ. ಮೀನಿನ ಬುಟ್ಟಿಯನ್ನು ಆಚೆ ಸರಿಸಿ ಕಟ್ಟೆಯ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟ.

ಇದನ್ನು ಅವಳು ನನಗೆ ಹೇಳಿದ್ದು ನಿನ್ನೆ, ನಾನು ಅವಳ ಕೋಟಿನ ಅಂಚು ಮಡಚಿ ಹೊಲಿಯುತ್ತಿದ್ದಾಗ. ಆಮೇಲೆ ಏನಂದ ಎಂದು ಕೇಳಿದೆ.

“ಏನೂ ಇಲ್ಲ,” ಎಂದಳು ದಲೆಂದಾ. “ಇವತ್ತು ಒಂದೂ ಮೀನು ಬರ್ಲಿಲ್ಲ ಅಂದ. ಹೌದು ಅಂದೆ. ಕತ್ತಲಾಯ್ತು, ಎದ್ದು ಬಂದೆ.”